ಒಡೆತನದ ಹಸ್ತಾಂತರ: ಸೌಹಾರ್ದವಿರುವಾಗಲೇ ಬರೆದಿಡಿ

ಪ್ರತಿಯೊಂದು ಸಾಲಕ್ಕೂ ಪತ್ರ ಬರೆಸಿಕೊಳ್ಳುವ ನಮ್ಮ ವರ್ತಕರು, ತಮ್ಮ ನಂತರ ವ್ಯವಹಾರವನ್ನು ಯಾರು ನಡೆಸಬೇಕೆಂಬುದನ್ನು ಮಾತ್ರ ಬರೆದಿಡುವುದಿಲ್ಲ. ‘ಮನೆಯವರ ನಡುವೆ ಕಾಗದವೇಕೆ?’ ಎಂಬುದು ಅವರ ವಾದ.

ಧೀರೂಭಾಯಿ ಅಂಬಾನಿಯವರು 2002ರ ಜುಲೈ 6ರಂದು ಉಯಿಲು ಬರೆಯದೆಯೇ ನಿಧನರಾದರು. ಸಹೋದರರ ಭಿನ್ನಾಭಿಪ್ರಾಯ 2004ರಲ್ಲಿ ಬಹಿರಂಗವಾಯಿತು. 2005ರ ಜೂನ್‌ನಲ್ಲಿ ತಾಯಿಯವರ ಮಧ್ಯಸ್ಥಿಕೆಯಿಂದ ವಿಭಜನೆಯಾದರೂ, ಅನಿಲ ಪೂರೈಕೆಯ ವ್ಯಾಜ್ಯ 2010ರವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿತ್ತು. ಬೃಹತ್ ಸಂಸ್ಥೆ ಇದನ್ನು ತಾಳಿಕೊಂಡಿತು. ಸಣ್ಣ ಘಟಕ ತಾಳಿಕೊಳ್ಳಲಾರದು.

ನನ್ನ ಕಕ್ಷಿದಾರರಾಗಿದ್ದ ಇಬ್ಬರು ಸಹೋದರರು ಬೇಳೆ ಮಿಲ್ಲು ನಡೆಸುತ್ತಿದ್ದರು. ಒಬ್ಬರು ಮೃತರಾದರೂ ಸಂಸ್ಥೆ ಮುಂದುವರಿಯುವುದೆಂಬ ಷರತ್ತು ಪಾಲುದಾರಿಕೆ ಪತ್ರದಲ್ಲಿತ್ತು. ಅಣ್ಣ ಹಠಾತ್ತನೆ ತೀರಿಕೊಂಡಾಗ ಆ ಷರತ್ತು ನೆರವಿಗೆ ಬರಲಿಲ್ಲ. ಇಬ್ಬರೇ ಪಾಲುದಾರರಿದ್ದು ಒಬ್ಬರು ಮೃತರಾದರೆ, ಉಳಿದ ಒಬ್ಬರಿಂದ ಪಾಲುದಾರಿಕೆಯಾಗದು, ಸಂಸ್ಥೆ ವಿಸರ್ಜನೆಯಾಗುತ್ತದೆ. ಬ್ಯಾಂಕು ಓವರ್‌ಡ್ರಾಫ್ಟ್ ತಡೆಹಿಡಿಯಿತು, ತೊಗರಿಯ ಹಂಗಾಮು ಕೈತಪ್ಪಿತು, ಅತ್ತಿಗೆ-ಮೈದುನರ ನಡುವೆ ಮಾತು ನಿಂತಿತು. ಪತ್ರವನ್ನು ತಿದ್ದಿಸಿರೆಂದು ನಾನು ಮುಂಚಿತವಾಗಿ ಒತ್ತಾಯಿಸಲಿಲ್ಲವೆಂಬ ಕೊರಗು ಇಂದಿಗೂ ನನಗಿದೆ.

ಸದಸ್ಯ ಬಾಂಧವರು ಈ ಅಂಶಗಳನ್ನು ಗಮನಿಸುವುದು ಒಳಿತು:

1. ಮುಂದಿನ ಪೀಳಿಗೆಯ ಒಬ್ಬರನ್ನಾದರೂ ಮೂರನೆಯ ಪಾಲುದಾರರಾಗಿ ಈಗಲೇ ಸೇರಿಸಿಕೊಳ್ಳಿ. ಸಂಸ್ಥೆ ಮುಂದುವರಿಯುವ ಷರತ್ತು ಆಗ ಊರ್ಜಿತವಾಗುತ್ತದೆ.

2. ಮೃತ ಪಾಲುದಾರರ ಪಾಲಿನ ಬೆಲೆಕಟ್ಟುವ ಕ್ರಮವನ್ನು ಪತ್ರದಲ್ಲಿಯೇ ನಮೂದಿಸಿ. ಲೆಕ್ಕ ತೀರಿಸದೆ ವ್ಯವಹಾರ ಮುಂದುವರಿಸಿದರೆ, ಬೇರೆ ಕರಾರಿಲ್ಲದಿದ್ದಲ್ಲಿ, 1932ರ ಪಾಲುದಾರಿಕೆ ಅಧಿನಿಯಮದ 37ನೇ ಕಲಮಿನಂತೆ ವಾರಸುದಾರರು ಲಾಭದ ಅಂಶವನ್ನಾಗಲೀ ಶೇ. 6ರ ಬಡ್ಡಿಯನ್ನಾಗಲೀ ಕೇಳಬಹುದು.

3. ದುಡಿಮೆಗೆ ಸಂಬಳ, ಬಂಡವಾಳಕ್ಕೆ ಲಾಭ ಎಂದು ವಿಂಗಡಿಸಿ. ಕರಾರಿಲ್ಲದಿದ್ದರೆ ಕಾನೂನಿನಂತೆ ದುಡಿಯುವ ಪಾಲುದಾರರಿಗೆ ಸಂಬಳವಿಲ್ಲ, ಲಾಭವೂ ಸಮಪಾಲು. ಬಹುಪಾಲು ಮನಸ್ತಾಪಗಳು ಇಲ್ಲಿಂದಲೇ ಮೊದಲಾಗುತ್ತವೆ.

4. ನಾಮನಿರ್ದೇಶನ ಮಾಡಿದರೆ ಸಾಲದು, ಉಯಿಲು ಬರೆಯಿರಿ. ಷೇರುಗಳ ನಾಮಿನಿ ಅವುಗಳ ಮಾಲೀಕನಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿದೆ.

5. ಹೆಣ್ಣುಮಕ್ಕಳನ್ನು ಮರೆಯಬೇಡಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ.

ಒಡೆತನದಲ್ಲಿ ಎಲ್ಲರಿಗೂ ಪಾಲಿರಬಹುದು. ಆದರೆ ಅಂತಿಮ ನಿರ್ಧಾರ ಒಬ್ಬರದಾಗಿರಬೇಕು. ಹಿರಿತನಕ್ಕಿಂತ ಅರ್ಹತೆಯನ್ನು ನೋಡಿ ಅವರನ್ನು ಆರಿಸಿ. ಖರೀದಿ, ವಸೂಲಿ, ಬ್ಯಾಂಕು ವ್ಯವಹಾರಗಳನ್ನು ಹಿರಿಯರು ಇರುವಾಗಲೇ ಅವರಿಗೆ ಒಂದೊಂದಾಗಿ ವಹಿಸಿಕೊಡಬೇಕು. ತಪ್ಪಿದರೆ ತಿದ್ದಲು ಆಗ ಹಿರಿಯರಿರುತ್ತಾರೆ.

ವರ್ಷಾಂತ್ಯದ ಲೆಕ್ಕ ಮುಗಿಸಿದ ದಿನ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಪಾಲುದಾರಿಕೆ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿರಿ. ತಿದ್ದಬೇಕಾದುದು ಆಗ ತಾನಾಗಿಯೇ ತಿಳಿಯುವುದು.