ಗಾಲ್ಫಿನ ಹಳೆಯ ಕಬ್ಬಿಣದ ದಾಂಡುಗಳು



ಗಾಲ್ಫ್ ಆಟವನ್ನು ದೂರದಿಂದ ನೋಡುವವರಿಗೆ ಅದೊಂದು ಸೋಜಿಗದ ವ್ಯವಹಾರವೆಂದು ತೋರುವುದು ಸಹಜ. ನಾಲ್ಕು ನೂರು ಗಜಗಳಾಚೆ, ಹಸುರು ಹಾಸಿನ ನಡುವೆ, ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿ. ಇತ್ತ ಆಟಗಾರನ ಕಾಲ ಬಳಿ ಒಂದೂಮುಕ್ಕಾಲು ಅಂಗುಲಕ್ಕಿಂತ ತುಸು ಕಿರಿದಾದ ಒಂದು ಚೆಂಡು. ಇದನ್ನು ಅದರೊಳಗೆ ಸೇರಿಸಲು ಹದಿನಾಲ್ಕು ದಾಂಡುಗಳವರೆಗೆ ಜೊತೆಗೊಯ್ಯಬಹುದೆಂದು ನಿಯಮವುಂಟು. ಅವುಗಳಲ್ಲಿ ಹೆಚ್ಚಿನವು ಕಬ್ಬಿಣದ ತಲೆಯುಳ್ಳವು. ಆಟಗಾರರು ಅವನ್ನು ಐರನ್‌ಗಳೆಂದೇ ಕರೆಯುತ್ತಾರೆ. ಕಾಸಿ ಬಡಿದು ಮಾಡಿದ, ಬ್ಲೇಡ್ ಎಂದು ಹೆಸರಾದ ಹಳೆಯ ಮಾದರಿಯ ಐರನ್‌ಗಳ ವಿಚಾರವಾಗಿ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅವುಗಳಿಗಿಂತ ಸುಲಭವಾದ ದಾಂಡುಗಳು ಅಂಗಡಿಗಳಲ್ಲಿ ತುಂಬಿರುವಾಗಲೂ ಕೆಲವರು ಈ ಕಠಿಣವಾದ ಹಳೆಯ ಸಾಧನವನ್ನೇ ಹುಡುಕಿ ತಂದು ಆಡುವುದೇಕೆ? ಅದರಲ್ಲಿ ವಿವೇಕವೆಷ್ಟು, ಬರಿಯ ಮೋಹವೆಷ್ಟು? ಇದೇ ನಮ್ಮ ಮುಂದಿರುವ ಪ್ರಶ್ನೆ.

ಮೊದಲು ಸ್ವಲ್ಪ ಇತಿಹಾಸ. ಗಾಲ್ಫಿನ ತವರಾದ ಸ್ಕಾಟ್ಲೆಂಡಿನಲ್ಲಿ ಬಹುಕಾಲದವರೆಗೆ ಹಕ್ಕಿಯ ಗರಿಗಳನ್ನು ಗಿಡಿದು ಹೊಲಿದ ತೊಗಲಿನ ಚೆಂಡು ಬಳಕೆಯಲ್ಲಿತ್ತು. ಅದರ ಬೆಲೆ ಹೆಚ್ಚು, ಆಯುಸ್ಸು ಕಡಿಮೆ. ಕಬ್ಬಿಣದ ಏಟು ತಗುಲಿದರೆ ಹೊಲಿಗೆ ಬಿಚ್ಚಿಹೋಗುತ್ತಿತ್ತು. ಆದಕಾರಣ ಆಗಿನ ಆಟವೆಲ್ಲ ಬಹುಮಟ್ಟಿಗೆ ಮರದ ದಾಂಡುಗಳಿಂದಲೇ ನಡೆಯುತ್ತಿತ್ತು. ಕಬ್ಬಿಣವನ್ನು ಗಾಡಿಯ ಜಾಡಿನಿಂದಲೋ ಮರಳಿನಿಂದಲೋ ಚೆಂಡನ್ನು ಎತ್ತಬೇಕಾದಾಗ ಮಾತ್ರ ಹೊರತೆಗೆಯುತ್ತಿದ್ದರು. 1848ರ ಸುಮಾರಿಗೆ ಮಲಯದ ಕಡೆಯ ಮರದ ಅಂಟಾದ ಗಟ್ಟಾಪರ್ಚದಿಂದ ಮಾಡಿದ ಚೆಂಡು ಬಂದಿತು. ಅದು ಅಗ್ಗವೂ ಗಟ್ಟಿಯೂ ಆಗಿದ್ದುದರಿಂದ ಕಮ್ಮಾರನಿಗೆ ಗಾಲ್ಫಿನಲ್ಲಿ ಕೈತುಂಬ ಕೆಲಸ ದೊರೆಯಿತು. ಕುದುರೆಯ ಲಾಳವನ್ನೂ ನೇಗಿಲಿನ ಗುಳವನ್ನೂ ಬಡಿಯುವ ವಿದ್ಯೆಯೇ ದಾಂಡಿನ ತಲೆಯನ್ನೂ ರೂಪಿಸಿತು. ಸೇಂಟ್ ಆಂಡ್ರೂಸ್ ಪಟ್ಟಣದ ಟಾಮ್ ಸ್ಟೂವರ್ಟ್ ಎಂಬ ಕಮ್ಮಾರರು ತಮ್ಮ ಕೆಲಸದ ಮೇಲೆ ಹೊಗೆಕೊಳವೆಯ ಮುದ್ರೆಯನ್ನು ಒತ್ತುತ್ತಿದ್ದರು; ಆ ಮುದ್ರೆಯಿರುವ ದಾಂಡುಗಳನ್ನು ಸಂಗ್ರಹಕಾರರು ಇಂದಿಗೂ ಆದರದಿಂದ ಕಾಣುತ್ತಾರೆ. ಕಲ್ಕತ್ತೆಯಲ್ಲಿ 1829ರಲ್ಲಿಯೂ ನಮ್ಮ ಬೆಂಗಳೂರಿನಲ್ಲಿ 1876ರಲ್ಲಿಯೂ ಗಾಲ್ಫ್ ಸಂಘಗಳು ಸ್ಥಾಪಿತವಾದುದನ್ನು ನೆನೆದರೆ, ಈ ಕಮ್ಮಾರಿಕೆಯ ಚರಿತ್ರೆ ನಮಗೆ ತೀರ ಹೊರಗಿನದಲ್ಲವೆಂಬುದು ತಿಳಿಯುವುದು.

ಆಗಿನ ಹಿಡಿಕೋಲುಗಳು ಅಮೆರಿಕದ ಹಿಕರಿ ಮರದವು. ದಾಂಡುಗಳಿಗೆ ಸಂಖ್ಯೆಗಳಿರಲಿಲ್ಲ, ಹೆಸರುಗಳಿದ್ದುವು: ಕ್ಲೀಕ್, ಮಿಡ್ ಐರನ್, ಮ್ಯಾಶಿ, ನಿಬ್ಲಿಕ್. ಉಕ್ಕಿನ ಹಿಡಿಕೋಲಿಗೆ ಅಮೆರಿಕದ ಗಾಲ್ಫ್ ಮಂಡಲಿ 1924ರಲ್ಲಿಯೂ, ಸೇಂಟ್ ಆಂಡ್ರೂಸಿನ ಆರ್ ಅಂಡ್ ಏ ಸಂಸ್ಥೆ 1929ರಲ್ಲಿಯೂ ಸಮ್ಮತಿಯಿತ್ತುವು. 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾಸ್ಪರ್ಧೆಗಳನ್ನು ಗೆದ್ದ ಬಾಬಿ ಜೋನ್ಸರದು ಹಿಕರಿ ದಾಂಡುಗಳ ಯುಗದ ಕೊನೆಯ ಮಹಾವಿಜಯ. ಆಮೇಲೆ ಹೆಸರುಗಳು ಹಿಂದೆ ಸರಿದು, ಒಂದರಿಂದ ಒಂಬತ್ತರವರೆಗೆ ಅಂಕೆ ಹಾಕಿದ, ಉಕ್ಕಿನ ಕೋಲಿನ, ಒಂದಕ್ಕೊಂದು ಹೊಂದಿಕೊಂಡ ಜೋಡಣೆಗಳು ಬಂದುವು.

ಇನ್ನು ಈ ದಾಂಡಿನ ರಚನೆಯನ್ನು ನೋಡೋಣ. ಇಂಗಾಲದ ಅಂಶ ಕಡಿಮೆಯಿರುವ ಮೆದು ಉಕ್ಕಿನ ತುಂಡನ್ನು ಕೆಂಪಗೆ ಕಾಸಿ, ಅಚ್ಚಿನ ನಡುವೆ ಇಟ್ಟು ಬಡಿದು, ಮಿಕ್ಕುದನ್ನು ಉಜ್ಜಿ ತಿದ್ದಿ, ಮೇಲೆ ಕ್ರೋಮಿಯಮ್ಮಿನ ಲೇಪ ಕೊಡುತ್ತಾರೆ. ತಲೆ ಸಣ್ಣದು, ಬೆನ್ನು ಟೊಳ್ಳಿಲ್ಲದ ಒಂದೇ ಗಟ್ಟಿ, ತಳ ಕಿರಿದು, ಮೇಲಂಚು ತೆಳು. ಭಾರವೆಲ್ಲ ನಡುವಿನ ಒಂದು ಸಣ್ಣ ಪ್ರದೇಶದ ಹಿಂದೆ ಒಟ್ಟಾಗಿರುತ್ತದೆ. ಚೆಂಡು ಸರಿಯಾಗಿ ಭಾರಕೇಂದ್ರದ ಎದುರಿಗೆ ತಗುಲಿದರೆ ಏಟಿನ ಶಕ್ತಿಯಲ್ಲಿ ಸೋರಿಕೆ ಅತ್ಯಲ್ಪ, ಕೈಗೆ ನಡುಕವಿಲ್ಲ. ಅಲ್ಲಿಂದ ಅರ್ಧ ಅಂಗುಲ ತಪ್ಪಿದರೆ ದಾಂಡಿನ ತಲೆ ತಿರುಗುತ್ತದೆ, ಚೆಂಡು ಗುರಿಗಿಂತ ಮೊದಲೇ ಬೀಳುತ್ತದೆ, ಅಂಗೈಗೆ ಜುಮ್ಮೆಂದು ಹೊಡೆಯುತ್ತದೆ.

ಈ ತಿರುಗುವಿಕೆಗೆ ಮದ್ದು ಕಂಡುಹಿಡಿದವರಲ್ಲಿ ಅಗ್ರಗಣ್ಯರು ಅಮೆರಿಕದ ಎಂಜಿನಿಯರ್ ಕಾರ್ಸ್ಟೆನ್ ಸೋಲ್‌ಹೈಮ್. 1959ರಲ್ಲಿ ಪಿಂಗ್ ಎಂಬ ಹೆಸರಿನಲ್ಲಿ ದಾಂಡುಗಳ ತಯಾರಿಕೆಗೆ ತೊಡಗಿದ ಇವರು ತಲೆಯ ಬೆನ್ನನ್ನು ಕೊರೆದು, ಅಲ್ಲಿಂದ ತೆಗೆದ ಭಾರವನ್ನು ಸುತ್ತಲಿನ ಅಂಚಿಗೆ ಹಂಚಿದರು. ಇದರ ತತ್ತ್ವ ನಮ್ಮ ಕಾವಡಿ ಹೊರುವವನಿಗೆ ಚೆನ್ನಾಗಿ ಗೊತ್ತು. ಎರಡು ತುದಿಗಳಲ್ಲಿ ತುಂಬಿದ ಕೊಡಗಳು ತೂಗುತ್ತಿರುವಾಗ ಆತ ಥಟ್ಟನೆ ತಿರುಗಲಾರ; ಅದೇ ಭಾರವನ್ನು ಎದೆಗವಚಿಕೊಂಡರೆ ಸಲೀಸಾಗಿ ತಿರುಗಬಲ್ಲ. ಭಾರ ಅಂಚಿಗೆ ಸರಿದಷ್ಟೂ ದಾಂಡಿನ ತಲೆಯೂ ತಿರುಗಲು ಒಲ್ಲೆನ್ನುತ್ತದೆ. ತಪ್ಪಿದ ಏಟಿನ ದಂಡನೆ ಕಡಿಮೆಯಾಗುತ್ತದೆ. ಇಂತಹ ಜಟಿಲವಾದ ಆಕಾರಗಳನ್ನು ಎರಕದಲ್ಲಿ ತೆಗೆಯುವುದು ಸುಲಭವಾದುದರಿಂದ ಎರಕದ ದಾಂಡುಗಳು ಲೋಕದಲ್ಲೆಲ್ಲ ಹಬ್ಬಿದುವು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಬಡಿದ ಉಕ್ಕು ಮೃದು, ಆದುದರಿಂದ ಅದರ ಸ್ಪರ್ಶವೂ ಮೃದುವೆಂದು ಬಲ್ಲವರೂ ಹೇಳುವುದುಂಟು. ಆದರೆ ಚೆಂಡೂ ದಾಂಡೂ ಕೂಡಿರುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಕೈಯಿಂದ ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಚೆಂಡು ಹಾರಿಹೋಗಿರುತ್ತದೆ. ನಾವು ಸ್ಪರ್ಶವೆಂದು ಕರೆಯುವುದರಲ್ಲಿ ಏಟಿನ ನಾದಕ್ಕೂ ಅನಂತರದ ಕಂಪನಕ್ಕೂ ದೊಡ್ಡ ಪಾಲಿದೆ. ಆ ನಾದಕಂಪನಗಳನ್ನು ನಿರ್ಣಯಿಸುವುದು ಮುಖ್ಯವಾಗಿ ತಲೆಯ ಆಕಾರ ಮತ್ತು ಭಾರದ ಹಂಚಿಕೆ. ಲೋಹವನ್ನು ಬಡಿದರೋ ಎರೆದರೋ ಎಂಬುದು ಅಷ್ಟಾಗಿ ಅಲ್ಲ. ಬಡಿದ ಮೆದು ಉಕ್ಕಿನ ನಿಜವಾದ ಗುಣ ಬೇರೆ: ಆಟಗಾರನ ಎತ್ತರಕ್ಕೂ ನಿಲುವಿಗೂ ತಕ್ಕಂತೆ ಅದರ ಕೋನಗಳನ್ನು ಬಗ್ಗಿಸಿ ತಿದ್ದಬಹುದು.

ಹಳೆಯ ದಾಂಡನ್ನು ಕೈಗೆತ್ತಿಕೊಂಡವರನ್ನು ಮೊದಲು ಕಂಗೆಡಿಸುವುದು ಅದರ ಅಂಕೆ. 1960-70ರ ದಶಕಗಳ 7ನೆಯ ಐರನ್ನಿನ ಮುಖ ಸುಮಾರು 38ರಿಂದ 40 ಡಿಗ್ರಿ ಹಿಂದಕ್ಕೆ ವಾಲಿರುತ್ತಿತ್ತು. ಈಗಿನ ಸುಲಭ ಮಾದರಿಗಳಲ್ಲಿ ಅದೇ ಅಂಕೆಯ ದಾಂಡು 30 ಡಿಗ್ರಿಗೂ ಕಡಿಮೆ ವಾಲಿರುವುದುಂಟು. ಎಂದರೆ ಹಳೆಯ ಲೆಕ್ಕದಲ್ಲಿ ಅದು 5ನೆಯದಕ್ಕೆ ಸಮೀಪ. ಆದಕಾರಣ ಹಳೆಯ 7ರಿಂದ ಹೊಡೆದ ಚೆಂಡು ಬಹಳ ಮುಂಚೆ ಬಿದ್ದಾಗ ತನ್ನ ತೋಳಬಲ ಕುಂದಿತೆಂದು ಆಟಗಾರನು ವ್ಯಥೆಪಡಬೇಕಾದುದಿಲ್ಲ. ಕುಂದಿದುದು ಬಲವಲ್ಲ, ಬದಲಾದುದು ಅಂಕೆಯ ಅರ್ಥ.

ಈ ದಾಂಡುಗಳಿಂದ ಏನನ್ನು ಸಾಧಿಸಬಹುದೆಂಬುದಕ್ಕೆ ಬೆನ್ ಹೋಗನ್ನರೇ ನಿದರ್ಶನ. 1949ರ ಫೆಬ್ರುವರಿಯಲ್ಲಿ ಅವರ ಕಾರಿಗೆ ಬಸ್ಸೊಂದು ಎದುರಿನಿಂದ ಅಪ್ಪಳಿಸಿತು. ಅವರು ಮತ್ತೆ ನಡೆದಾರೆಂಬ ಭರವಸೆಯೇ ಇರಲಿಲ್ಲ. ಮರುವರ್ಷದ ಜೂನಿನಲ್ಲಿ ಮೆರಿಯನ್ ಮೈದಾನದಲ್ಲಿ ನಡೆದ ಅಮೆರಿಕದ ಓಪನ್ ಸ್ಪರ್ಧೆಯ ಕೊನೆಯ ಕುಳಿಯ ಬಳಿ, ನೋಯುವ ಕಾಲುಗಳ ಮೇಲೆ ನಿಂತು, ಎಲ್ಲಕ್ಕಿಂತ ಕಠಿಣವೆನಿಸಿದ 1ನೆಯ ಐರನ್ನಿನಿಂದ ಚೆಂಡನ್ನು ಹಸುರಿಗೆ ಮುಟ್ಟಿಸಿದರು. ಅಂದು ಸಮನಾದ ಪಂದ್ಯವನ್ನು ಮರುದಿನ ಗೆದ್ದರು. ಇದೇ ಹೋಗನ್ನರು 1953ರಲ್ಲಿ ಸ್ವಂತ ದಾಂಡು ತಯಾರಿಕೆಯನ್ನು ಆರಂಭಿಸಿದಾಗ, ಮೊದಲು ಸಿದ್ಧವಾದ ದಾಂಡುಗಳು ತಮ್ಮ ಮನಸ್ಸಿಗೆ ಒಪ್ಪಲಿಲ್ಲವೆಂದು ಮಾರಾಟಕ್ಕೆ ಬಿಡದೆ ಹಾಳುಮಾಡಿಸಿದರಂತೆ. 2000ದಲ್ಲಿ ಟೈಗರ್ ವುಡ್ಸ್ ಅದೇ ಸ್ಪರ್ಧೆಯನ್ನು 15 ಹೊಡೆತಗಳ ಅಂತರದಿಂದ ಗೆದ್ದಾಗಲೂ ಅವರ ಚೀಲದಲ್ಲಿದ್ದುವು ಬ್ಲೇಡ್‌ಗಳೇ.

ಹಾಗೆಂದು ಎಲ್ಲರೂ ಇವನ್ನೇ ಹಿಡಿಯಬೇಕೆಂದು ಹೇಳುವುದು ಸರಿಯಲ್ಲ. ವಾರಕ್ಕೊಂದು ದಿನ ಆಡುವವನಿಗೆ ಕೊರೆದ ಬೆನ್ನಿನ ದಾಂಡು ಮಾಡಿದ ಉಪಕಾರ ಸಣ್ಣದಲ್ಲ. ಎಷ್ಟೋ ಜನ ಆಟವನ್ನು ಬಿಟ್ಟುಬಿಡದೆ ಉಳಿದಿರುವುದು ಅದರ ದೆಸೆಯಿಂದ. ಎಣಿಕೆಯ ಪಂದ್ಯದಲ್ಲಿ ಕ್ಷಮಿಸುವ ಸಾಧನವನ್ನು ತೊರೆಯುವುದು ಸಾಮಾನ್ಯನಿಗೆ ನಷ್ಟವೇ ಸರಿ. ಹಳೆಯ ದಾಂಡಿನ ಪ್ರಯೋಜನವಿರುವುದು ಕಲಿಕೆಯಲ್ಲಿ. ಅದು ಏಟು ಎಲ್ಲಿ ತಗುಲಿತೆಂಬುದನ್ನು ಮರೆಮಾಚುವುದಿಲ್ಲ. ಶ್ರುತಿ ತಪ್ಪಿದುದನ್ನು ತಂಬೂರಿ ತೋರಿಸಿಕೊಡುವಂತೆ, ತಪ್ಪು ನಡೆದ ಕ್ಷಣದಲ್ಲಿಯೇ ಅದನ್ನು ತಿಳಿಸುತ್ತದೆ. ಹತ್ತು ಏಟುಗಳಲ್ಲಿ ಎರಡು ಮಾತ್ರ ನಡುವಿಗೆ ತಗುಲುತ್ತಿವೆಯೆಂಬ ಸತ್ಯವನ್ನು ಕೇಳಲು ಸಿದ್ಧನಾದವನಿಗೆ ಅದು ಒಳ್ಳೆಯ ಗುರು.

ಪ್ರಯತ್ನಿಸಬೇಕೆನ್ನುವವರಿಗೆ ಎರಡು ಮೂರು ಸೂಚನೆಗಳು. ಹಳೆಯ ಜೋಡಣೆ ದೊರೆತರೆ ಮೊದಲು ಅದರ ಕೋನಗಳನ್ನು ಅಳೆಯಿಸಿ. ಮೆದು ಉಕ್ಕು ವರ್ಷಗಳ ಬಳಕೆಯಲ್ಲಿ ಬಗ್ಗಿರುವುದುಂಟು. ಒಣಗಿ ಬಿರುಸಾದ ಹಿಡಿಯ ಹೊದಿಕೆಯನ್ನು ಬದಲಾಯಿಸಿ. ಹಿಕರಿಯ ಕೋಲಾದರೆ ಸೀಳು ಬಿಟ್ಟಿದೆಯೇ ಎಂದು ಪರೀಕ್ಷಿಸದೆ ಬೀಸಬೇಡಿ. ಅಭ್ಯಾಸವನ್ನು 8, 9ನೆಯ ದಾಂಡುಗಳಿಂದ ತೊಡಗಿ, ಮುಕ್ಕಾಲು ಬೀಸಿನಲ್ಲಿ ನಿಧಾನವಾಗಿ ಹೊಡೆಯಿರಿ. ಕಿರಿದಾದ ತಳ ಹಸಿ ನೆಲದಲ್ಲಿ ಬೇಗ ಹೂತುಹೋಗುವುದರಿಂದ ಮೊದಲು ಚೆಂಡನ್ನೂ ಆಮೇಲೆ ನೆಲವನ್ನೂ ಮುಟ್ಟುವುದು ಅವಶ್ಯ. ಹೀಗೆ ವಾರಕ್ಕೆ ಅರ್ಧ ಗಂಟೆ ಅಭ್ಯಾಸಮಾಡಿ, ಪಂದ್ಯದ ದಿನ ಬೇಕಾದರೆ ನಿಮ್ಮ ಹೊಸ ದಾಂಡುಗಳಿಂದಲೇ ಆಡಿರಿ. ಹಳೆಯದರಿಂದ ಕಲಿತ ಕೈ ಹೊಸದರಲ್ಲಿಯೂ ತನ್ನ ಕೆಲಸವನ್ನು ಮರೆಯುವುದಿಲ್ಲ.