ನೀರಿನಲ್ಲಿ ಕರಗಿದ ಕೂಗು

ಕಳೆದ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳವೊಂದರ ನೀರು ಪರೀಕ್ಷಿಸಿದ್ದೆವು. ಪಿಎಚ್ 6.1 ಬಂತು. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು. 'ಹತ್ತಿರ ಇದೆಯಲ್ಲ, ಬರ್ಕೊ' ಎಂದ ನನ್ನ ಬ್ಯಾಚ್‌ಮೇಟ್. ಬರೆದುಕೊಂಡೆ. ಮೀನು ಸಾಯುವಷ್ಟು ಆಮ್ಲವೇನೂ ಅಲ್ಲವಲ್ಲ ಎಂದು ನನಗೂ ಅನಿಸಿತ್ತು.

ಆಮೇಲೆ ಸೆಮಿನಾರ್‌ಗಾಗಿ ಓದುತ್ತಿದ್ದಾಗ ಕಾರ್ಲ್ ಫಾನ್ ಫ್ರಿಶ್ ಸಿಕ್ಕರು. ಜೇನ್ನೊಣಗಳ ಕುಣಿತದ ಅರ್ಥ ಬಿಡಿಸಿ, 1973ರಲ್ಲಿ ನೊಬೆಲ್ ಹಂಚಿಕೊಂಡ ವಿಜ್ಞಾನಿ. ಅವರು ಗುರುತಿಗಾಗಿ ಮಿನ್ನೋ ಎಂಬ ಪುಟ್ಟ ಮೀನೊಂದರ ಬಾಲದ ಬಳಿ ಸಣ್ಣ ಗಾಯ ಮಾಡಿ ಗುಂಪಿಗೆ ಬಿಟ್ಟರಂತೆ. ಉಳಿದ ಮೀನುಗಳು ಬೆದರಿ ದೂರ ಸರಿದವು! ಗಾಯಗೊಂಡ ಚರ್ಮದಿಂದ ಏನೋ ನೀರಿಗೆ ಸೇರುತ್ತಿದೆ, ಅದರ ವಾಸನೆಗೇ ಇವು ಹೆದರುತ್ತಿವೆ ಎಂದು ಅವರು 1938ರಲ್ಲಿ ಪ್ರಕಟಿಸಿದರು. ಇಟ್ಟ ಹೆಸರು 'ಶ್ರೆಕ್‌ಸ್ಟಾಫ್'. ಜರ್ಮನ್‌ನಲ್ಲಿ ಭಯದ ವಸ್ತು ಎಂದರ್ಥ. (ಹಸಿರು ದೈತ್ಯನ ಸಿನಿಮಾ ನೆನಪಾದರೆ ತಪ್ಪು ನನ್ನದಲ್ಲ.)

ನಮ್ಮ ಗೆಂಡೆ, ಕಾಟ್ಲಾ, ಅಕ್ವೇರಿಯಂನ ಗೋಲ್ಡ್‌ಫಿಶ್ ಎಲ್ಲವೂ ಮಿನ್ನೋದ ನೆಂಟರೇ. ಈ ವಾಸನೆ ಸಿಕ್ಕರೆ ಇಂಥ ಮೀನುಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ, ಇಲ್ಲವೇ ತಳಕ್ಕಿಳಿದು ಅಲುಗಾಡದೆ ನಿಲ್ಲುತ್ತವೆ. ಕೆಲವು ಸಿಹಿನೀರಿನ ಬಸವನಹುಳುಗಳು ನೀರನ್ನೇ ಬಿಟ್ಟು ಮೇಲೆ ಹತ್ತುತ್ತವೆ. ಡಾಫ್ನಿಯಾ ಎಂಬ ಚುಕ್ಕಿಯಷ್ಟು ಜೀವಿಯಂತೂ ತನ್ನನ್ನು ತಿನ್ನುವ ಹುಳುವಿನ ವಾಸನೆ ನೀರಿನಲ್ಲಿದ್ದರೆ ಬೆಳೆಯುವಾಗಲೇ ಕತ್ತಿನ ಹಿಂದೆ ಮುಳ್ಳು ಮೂಡಿಸಿಕೊಳ್ಳುತ್ತದೆ. ವಾಸನೆ ನೋಡಿ ಮೈಯ ಡಿಸೈನ್ ಬದಲಿಸುವುದು! ನಮಗೆ ಒಂದು ಡ್ರಾಯಿಂಗ್ ಶೀಟ್ ತಿದ್ದಲು ವಾರ ಬೇಕು.

ನನಗೆ ಹೆಚ್ಚು ಹಿಡಿಸಿದ್ದು ಮೀನುಗಳ ಕಲಿಕೆ. ಎಂದೂ ಕಾಣದ ಬೇಟೆಗಾರನ ವಾಸನೆಯೂ ಅಪಾಯದ ವಾಸನೆಯೂ ಒಮ್ಮೆ ಒಟ್ಟಿಗೆ ಬಂದರೆ ಸಾಕು, ಮುಂದೆ ಬೇಟೆಗಾರನ ವಾಸನೆಯೊಂದಕ್ಕೇ ಮಿನ್ನೋಗಳು ಹುಷಾರಾಗುತ್ತವೆ. ಒಂದೇ ಪಾಠ, ರಿಪೀಟರ್ಸ್ ಇಲ್ಲ.

ಹಾಗಾದರೆ ಸಾಯುತ್ತಿರುವ ಮೀನು ಬಳಗಕ್ಕಾಗಿ ಕೂಗುತ್ತದೆಯೇ? ಹಾಗೆ ನಂಬಲು ಚೆನ್ನಾಗಿದೆ, ಆದರೆ ಚರ್ಮ ಹರಿದರೆ ಮಾತ್ರ ಆ ರಾಸಾಯನಿಕ ಹೊರಬರುವುದು. ಅದು ಮೀನಿನ ಇಚ್ಛೆಯಲ್ಲ. ಅದನ್ನು ಹೊತ್ತ ಕೋಶಗಳ ಮೂಲ ಕೆಲಸ ರೋಗಾಣು, ಪರೋಪಜೀವಿಗಳಿಂದ ಚರ್ಮವನ್ನು ಕಾಯುವುದಿರಬಹುದು ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಕೂಗಿದವರು ಯಾರೂ ಇಲ್ಲ, ಕೇಳಿಸಿಕೊಂಡವರು ಬದುಕಿದರು.

ಓದುತ್ತಾ ಹೋದಂತೆ ಒಂದು ಅಂಕಿಯ ಬಳಿ ನಿಂತುಬಿಟ್ಟೆ. ನೀರಿನ ಪಿಎಚ್ 6ರ ಆಸುಪಾಸಿಗೆ ಇಳಿದರೆ ಹಲವು ಜಾತಿಯ ಮೀನುಗಳು ಈ ಎಚ್ಚರಿಕೆಗೆ ಪ್ರತಿಕ್ರಿಯಿಸುವುದೇ ಇಲ್ಲವಂತೆ; ಅಷ್ಟು ಆಮ್ಲದಲ್ಲೇ ಆ ರಾಸಾಯನಿಕ ಕೆಡುತ್ತದೆ ಎನ್ನುತ್ತಾರೆ ಸಂಶೋಧಕರು. ಇನ್ನು ತಾಮ್ರ, ಲೀಟರ್‌ಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಸಾಲ್ಮನ್ ಮರಿಗಳ ಮೂಗನ್ನೇ ಮಂಕು ಮಾಡುತ್ತದೆ. ಮೀನು ಸತ್ತು ತೇಲುವುದಿಲ್ಲ, ಯಾರೂ ದೂರು ಕೊಡುವುದಿಲ್ಲ. ಈಜುತ್ತಲೇ ಇರುತ್ತದೆ, ಪಕ್ಕದಲ್ಲಿ ಅಪಾಯ ಬಂದದ್ದು ಮಾತ್ರ ಅದಕ್ಕೆ ತಿಳಿಯುವುದಿಲ್ಲ.

ಮೊನ್ನೆ ಆ ಲ್ಯಾಬ್ ರೆಕಾರ್ಡ್ ಮತ್ತೆ ತೆರೆದೆ. 6.1 ಹಾಗೇ ಇದೆ, ಪಕ್ಕದಲ್ಲಿ ಕೆಂಪು ಶಾಯಿಯ ಟಿಕ್. ನೀರು ತುಂಬಿಸಿಕೊಂಡ ದಿನ ಹಳ್ಳದಲ್ಲಿ ಮೀನುಗಳಿದ್ದವೇ ಎಂದು ಬ್ಯಾಚ್‌ಮೇಟ್‌ಗೆ ಕೇಳಿದೆ. ಇಬ್ಬರೂ ಬಗ್ಗಿ ನೋಡಿರಲಿಲ್ಲ.