ಹದಿನೆಂಟನೆಯ ನಂಬರಿನ ಮನೆ

ನಗರದಲ್ಲಿ ಹೊಸದಾಗಿ ಸಂಸಾರ ಹೂಡಿದವರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಮನೆಯನ್ನು ಹೇಗೆ ಸಿಂಗರಿಸಬೇಕು ಎಂಬುದು ಒಂದು. ಸಿಂಗಾರಕ್ಕೆ ಹಣವೆಲ್ಲಿ ಎಂಬುದು ಇನ್ನೊಂದು. ನಮ್ಮಂತಹ ಸಂಬಳದಾರರ ಮನೆಗಳಲ್ಲಿ ಎರಡನೆಯ ಪ್ರಶ್ನೆಯೇ ಮೊದಲನೆಯದರ ಬಾಯಿ ಮುಚ್ಚಿಸಿಬಿಡುವುದು ವಾಡಿಕೆ. ಹಾಗೆ ಬಾಯಿ ಮುಚ್ಚಿಸಿಕೊಳ್ಳಲು ಒಪ್ಪದ ಗೃಹಸ್ಥನೊಬ್ಬನ ಮನೆ ಲಂಡನ್ ನಗರದ ಕೆನ್ಸಿಂಗ್ಟನ್ ಬಡಾವಣೆಯಲ್ಲಿದೆ. ಸ್ಟಾಫರ್ಡ್ ಟೆರೇಸ್ ಎಂಬ ಬೀದಿ, 18ನೆಯ ನಂಬರು. ಒಂದನ್ನೊಂದು ಒತ್ತಿಕೊಂಡು ನಿಂತ, ಅಗಲ ಕಡಿಮೆಯಾಗಿ ಎತ್ತರ ಹೆಚ್ಚಾದ ಸಾಲುಮನೆಗಳಲ್ಲಿ ಅದೂ ಒಂದು. ಹೊರಗಿನಿಂದ ನೋಡಿದರೆ ನೆರೆಮನೆಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ. ಒಳಗೆ ಹೆಜ್ಜೆಯಿಟ್ಟವನು ಮಾತ್ರ ಗೋಡೆಯೆಲ್ಲಿದೆ ಎಂದು ಹುಡುಕಬೇಕು, ಅಷ್ಟು ಚಿತ್ರಗಳು!

ಮನೆಯ ಯಜಮಾನ ಲಿನ್ಲಿ ಸ್ಯಾಂಬೋರ್ನ್, 1844ರಲ್ಲಿ ಹುಟ್ಟಿದವನು. ಗ್ರೀನಿಚ್‌ನ ಎಂಜಿನ್ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವನು 1867ರಲ್ಲಿ ‘ಪಂಚ್’ ಎಂಬ ಹಾಸ್ಯ ವಾರಪತ್ರಿಕೆಗೆ ಚಿತ್ರ ಬರೆಯತೊಡಗಿದ. 1901ರಲ್ಲಿ ಅದರ ಮುಖ್ಯ ವ್ಯಂಗ್ಯಚಿತ್ರಕಾರನೇ ಆದ. 1874ರಲ್ಲಿ ಷೇರು ದಲ್ಲಾಳಿಯೊಬ್ಬನ ಮಗಳಾದ ಮೇರಿಯನ್ ಹೆರಪಾತ್‌ಳನ್ನು ವರಿಸಿದ. ಅವನಿಗೆ ಮೂವತ್ತು, ಆಕೆಗೆ ಇಪ್ಪತ್ತಮೂರು. ದಂಪತಿಗಳು 2,000 ಪೌಂಡು ತೆತ್ತು 89 ವರ್ಷಗಳ ಗುತ್ತಿಗೆಯ ಹಕ್ಕಿನ ಮೇಲೆ ಈ ಮನೆಯನ್ನು ಪಡೆದು, 1875ರಲ್ಲಿ ಬಂದು ನೆಲಸಿದರು. ಅದೇ ವರ್ಷ ಮಗಳು ಮಾಡ್ ಹುಟ್ಟಿದಳು. 1878ರಲ್ಲಿ ಮಗ ರಾಯ್.

ಆ ಕಾಲದ ಲಂಡನ್ನಿನ ವಿದ್ಯಾವಂತರಲ್ಲಿ ಸೌಂದರ್ಯೋಪಾಸನೆಯ ಒಂದು ಗಾಳಿ ಬೀಸುತ್ತಿತ್ತು. ನೀಲಿ-ಬಿಳಿಯ ಚೀನೀ ಪಿಂಗಾಣಿ, ಜಪಾನಿನ ಬೀಸಣಿಗೆ, ಸೂರ್ಯಕಾಂತಿ ಹೂವಿನ ಆಕೃತಿ, ವಿಲಿಯಂ ಮಾರಿಸನು ರಚಿಸಿದ ಬಳ್ಳಿ-ಹಣ್ಣುಗಳ ಚಿತ್ತಾರದ ಗೋಡೆಕಾಗದ, ಇವಿಲ್ಲದ ಮನೆ ರಸಿಕರ ಮನೆಯಲ್ಲ ಎಂಬ ಭಾವನೆ. ಸ್ಯಾಂಬೋರ್ನನು ಈ ಗಾಳಿಗೆ ಕಿಟಕಿಯನ್ನು ವಿಶಾಲವಾಗಿಯೇ ತೆರೆದನು. ಭೋಜನಶಾಲೆಯ ಗೋಡೆಯ ಮೇಲ್ಭಾಗದಲ್ಲಿ ಪಟ್ಟಿಯೊಂದನ್ನು ಹೊಡೆಸಿ ಪಿಂಗಾಣಿ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿದ. ಕಿಟಕಿಗಳಿಗೆ ತಾನೇ ವಿನ್ಯಾಸ ಮಾಡಿ ಬಣ್ಣದ ಗಾಜು ಕೂಡಿಸಿದ. ಮೊದಲ ಅಂತಸ್ತಿನಲ್ಲಿ ಬೀದಿಯ ಕಡೆಯಿಂದ ಹಿತ್ತಿಲ ಕಡೆಯವರೆಗೆ ಚಾಚಿಕೊಂಡ ದಿವಾನಖಾನೆಯಲ್ಲಿ ಕುರ್ಚಿಗಳು, ಗಡಿಯಾರಗಳು, ಹೂದಾನಿಗಳು ಎಷ್ಟೆಂದರೆ ಅತಿಥಿಯಾದವನು ಮೊಣಕೈಯನ್ನು ಅಂಕೆಯಲ್ಲಿಟ್ಟುಕೊಂಡೇ ನಡೆಯಬೇಕು.

ಇಷ್ಟಕ್ಕೆಲ್ಲ ಹಣವೆಲ್ಲಿಂದ ಬಂತು? ಸ್ವಾರಸ್ಯವಿರುವುದು ಇಲ್ಲಿಯೇ. ಪತ್ರಿಕೆಯ ಚಿತ್ರಗಾರನಿಗೆ ದೊಡ್ಡ ತೈಲಚಿತ್ರಗಳನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಆದ್ದರಿಂದ ಅವನು ಮಹಾಕೃತಿಗಳ ಛಾಯಾಪ್ರತಿಗಳನ್ನೂ ಮುದ್ರಿತ ಪ್ರತಿಗಳನ್ನೂ ಕೊಂಡು, ಒಳ್ಳೆಯ ಕಟ್ಟು ಹಾಕಿಸಿ, ಗೋಡೆಯ ತುಂಬ ಒಂದರ ಪಕ್ಕಕ್ಕೆ ಒಂದನ್ನು ತೂಗುಹಾಕಿದ. ಅವುಗಳ ನಡುವೆ ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ ಮೊದಲಾದ ಸಮಕಾಲೀನರ ಚಿತ್ರಗಳು, ತನ್ನವೇ ನೂರಾರು ರೇಖಾಚಿತ್ರಗಳು. ಇದನ್ನು ಓದಿದಾಗ ನನಗೆ ನಮ್ಮ ಅಜ್ಜಿಯ ಮನೆಯ ಪಡಸಾಲೆ ನೆನಪಿಗೆ ಬಂತು. ರವಿವರ್ಮನ ಲಕ್ಷ್ಮೀ ಸರಸ್ವತಿಯರು ಅಲ್ಲಿ ಗೋಡೆಯ ಮೇಲೆ ವಿರಾಜಿಸಿದ್ದು ರಾಜಕೃಪೆಯಿಂದಲ್ಲ. 1894ರಲ್ಲಿ ಮುಂಬಯಿಯಲ್ಲಿ ಅವನು ತೆರೆದ ಮುದ್ರಣಾಲಯದ ಕೃಪೆಯಿಂದ. ಅಚ್ಚಿನ ಪ್ರತಿಯೆಂದು ಯಾರೂ ಆ ದೇವಿಯರಿಗೆ ಕೈಮುಗಿಯದೆ ಹೋಗಲಿಲ್ಲ.

ಗೋಡೆಕಾಗದದ ಕಥೆ ಇನ್ನೂ ಸೊಗಸಾದುದು. ಕೆಲವು ವರ್ಷಗಳ ಮೇಲೆ ಸ್ಯಾಂಬೋರ್ನನ ಕಣ್ಣು ಜಪಾನೀ ಮಾದರಿಯ, ಚರ್ಮದಂತೆ ಉಬ್ಬುಚಿತ್ತಾರವುಳ್ಳ, ಹೊಂಬಣ್ಣದ ಕಾಗದದ ಮೇಲೆ ಬಿತ್ತು. ಬೆಲೆ ದುಬಾರಿ. ಏನು ಮಾಡಿದನೆನ್ನುತ್ತೀರಿ? ಚಿತ್ರಗಳ ನಡುವೆ ಕಣ್ಣಿಗೆ ಬೀಳುವ ಜಾಗಗಳಿಗೆ ಮಾತ್ರ ಹೊಸ ಕಾಗದವನ್ನು ಅಂಟಿಸಿದ. ಚಿತ್ರಗಳ ಬೆನ್ನಿಗೆ ಹಳೆಯ ಮಾರಿಸ್ ಕಾಗದವನ್ನೇ ಉಳಿಸಿದ. ಮದುವೆಮನೆಯಲ್ಲಿ ಶಾಲಿನ ಮರೆಯಲ್ಲಿ ಹರಿದ ಅಂಗಿಯನ್ನು ಬಚ್ಚಿಟ್ಟುಕೊಂಡವರಿಗೆ ಈ ಯುಕ್ತಿ ಹೊಸದೇನೂ ಅಲ್ಲ.

ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿ ಚಿತ್ರಕಾರ ಫ್ರೆಡರಿಕ್ ಲೇಟನ್ನನ ಮನೆಯಿದೆ. ಅವನು ಸಿರಿವಂತ, 1877ರಿಂದ ಮುಂದಕ್ಕೆ ತನ್ನ ಮನೆಗೆ ‘ಅರಬ್ ಹಾಲ್’ ಎಂಬ ಭವ್ಯ ಕೋಣೆಯನ್ನು ಸೇರಿಸಿ, ಡಮಾಸ್ಕಸ್ಸಿನಿಂದ ತರಿಸಿದ ಬಣ್ಣದ ಬಿಲ್ಲೆಗಳನ್ನು ಗೋಡೆಗೆ ಹೊದಿಸಿ, ನಡುವೆ ಕಾರಂಜಿಯನ್ನು ಚಿಮ್ಮಿಸಿದವನು. ನಿಜವಾದ ವೈಭವ ಅದು. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಆ ಬ್ರಹ್ಮಚಾರಿಗೆ ಮಲಗುವ ಕೋಣೆ ಒಂದೇ ಒಂದು. ಮಗುವಿನ ಅಳು, ಅಡುಗೆಯ ತಕರಾರು, ಜ್ವರದ ರಾತ್ರಿ ಇವುಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದರೆ, ಬಿಲ್ಲೆಗಳ ಮೇಲೆ ನನಗೆ ಎಷ್ಟೇ ಮೋಹವಿದ್ದರೂ, ನಾನು ಹದಿನೆಂಟನೆಯ ನಂಬರನ್ನೇ ಹಿಡಿಯುತ್ತೇನೆ.

ನನ್ನ ಈ ಉತ್ಸಾಹಕ್ಕೆ ತಣ್ಣೀರೆರಚಿದವಳು ನಮ್ಮ ಮನೆಯಾಕೆ. ದಿವಾನಖಾನೆಯ ಚಿತ್ರವನ್ನು ತೋರಿಸಿ ವರ್ಣಿಸುತ್ತಿದ್ದಾಗ, ಆಕೆ ಅದನ್ನು ಒಂದು ನಿಮಿಷ ದಿಟ್ಟಿಸಿ, “ಅದೆಲ್ಲಾ ಸರಿ ಅಂದ್ರೆ, ಇವನ್ನೆಲ್ಲ ದಿನಾ ಒರೆಸೋರು ಯಾರು?” ಎಂದಳು.

ಕನ್ನಡ ಎಂ.ಎ. ತರಗತಿಯಲ್ಲಿ ಯಾರೂ ನನ್ನನ್ನು ಕೇಳಿರದ ಪ್ರಶ್ನೆ. ಉತ್ತರಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಕಲ್ಲಿದ್ದಲಿನ ಹೊಗೆಯಿಂದ ಮುಸುಕಿದ್ದ ಆ ಲಂಡನ್ನಿನಲ್ಲಿ ಒಂದೊಂದು ತಟ್ಟೆಯ ಮೇಲೂ ಮಸಿ ಕೂರುತ್ತಿತ್ತು. ಒರೆಸುತ್ತಿದ್ದವರು ಮನೆಯ ಸೇವಕಿಯರು. ಅಡುಗೆಮನೆ ನೆಲದ ಮಟ್ಟಕ್ಕಿಂತ ಕೆಳಗೆ, ಸೇವಕಿಯ ಕೋಣೆ ಎಲ್ಲಕ್ಕಿಂತ ಮೇಲೆ. ನಡುವೆ ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಆ ಕೆಲಸವನ್ನು ಮಾಡಿಸುವ ಹೊಣೆ ಮೇರಿಯನ್ನಳದು. ಆಕೆ 1881ರಿಂದ ತೀರಿಕೊಳ್ಳುವ ವರ್ಷ, ಎಂದರೆ 1914ರವರೆಗೆ, ದಿನಚರಿ ಬರೆದಿಟ್ಟಳು. ಅದರಲ್ಲಿ ಸೌಂದರ್ಯಮೀಮಾಂಸೆಯಿಲ್ಲ, ಊಟ, ಅತಿಥಿಗಳು, ಸೇವಕರು, ಮಕ್ಕಳ ಆರೋಗ್ಯ, ಖರ್ಚು ಇವೇ ಇವೆ. ಗಂಡನು ಮನೆಯನ್ನು ತುಂಬಿದ. ತುಂಬಿದ ಮನೆಯನ್ನು ನಡೆಸಿದವಳು ಹೆಂಡತಿ. ಕಲೆಯ ಚರಿತ್ರೆಕಾರರು ಮೊದಲನೆಯದನ್ನೇ ಹೆಚ್ಚಾಗಿ ಬರೆಯುತ್ತಾರೆ. ಆದರೆ ಆ ಕಾಲದ ನಗರ ಸಂಸಾರವೊಂದು ಹೇಗೆ ಬದುಕಿತೆಂದು ತಿಳಿಯಬಯಸುವವರು ಇಂದು ಹುಡುಕಿಕೊಂಡು ಹೋಗುವುದು ಮೇರಿಯನ್ನಳ ದಿನಚರಿಯನ್ನೇ.

ಇಷ್ಟರ ಮೇಲೆ ಯಜಮಾನನ ಉದ್ಯೋಗವೂ ಮನೆಯೊಳಗೇ. ಪತ್ರಿಕೆಯ ಬಳಗ ಬುಧವಾರದ ಭೋಜನಕೂಟದಲ್ಲಿ ವಾರದ ಮುಖ್ಯ ಚಿತ್ರದ ವಿಷಯವನ್ನು ಗೊತ್ತುಮಾಡುತ್ತಿತ್ತು; ಶುಕ್ರವಾರ ರಾತ್ರಿಯೊಳಗೆ ಚಿತ್ರ ಸಿದ್ಧವಾಗಬೇಕು. ಬಹುಕಾಲ ಅವನು ಬರೆಯುತ್ತಿದ್ದುದು ದಿವಾನಖಾನೆಯ ಒಂದು ಮೂಲೆಯಲ್ಲಿಯೇ. ಸೈನಿಕನ ನಿಲುವು, ಪಾದ್ರಿಯ ನಿಲುವಂಗಿಯ ಮಡಿಕೆ ಇವೆಲ್ಲ ಕರಾರುವಾಕ್ಕಾಗಿ ಬರಬೇಕೆಂದು ಹೆಂಡತಿ, ಮಕ್ಕಳು, ಸೇವಕರು, ಕುದುರೆ ನೋಡಿಕೊಳ್ಳುವ ಆಳು, ಎಲ್ಲರಿಗೂ ವೇಷ ಹಾಕಿಸಿ ಛಾಯಾಚಿತ್ರ ತೆಗೆಯುತ್ತಿದ್ದ. ಯಾರೂ ಸಿಕ್ಕದಿದ್ದರೆ ತಾನೇ ನಿಲ್ಲುತ್ತಿದ್ದ. ಸ್ನಾನದ ಕೋಣೆ ಛಾಯಾಚಿತ್ರಗಳನ್ನು ತೊಳೆಯುವ ಕೋಣೆಯೂ ಆಗಿತ್ತೆಂದ ಮೇಲೆ, ಮನೆಯವರ ಸ್ನಾನದ ಸರದಿ ಏನಾಗುತ್ತಿತ್ತೋ ವಾಚಕರೇ ಊಹಿಸಿಕೊಳ್ಳಲಿ. ಮಗಳು 1898ರಲ್ಲಿ ಮದುವೆಯಾಗಿ ಹೋದ ಮೇಲೆಯೇ ಮೇಲಂತಸ್ತಿನ ಮಕ್ಕಳ ಕೋಣೆ ಅವನ ಚಿತ್ರಶಾಲೆಯಾದದ್ದು.

1910ರಲ್ಲಿ ಸ್ಯಾಂಬೋರ್ನ್ ತೀರಿಕೊಂಡ. ನಾಲ್ಕು ವರ್ಷಗಳಲ್ಲಿ ಮೇರಿಯನ್ನಳೂ ಹೋದಳು. ರಾಯ್ ಮದುವೆಯಾಗಲಿಲ್ಲ. 1946ರಲ್ಲಿ ಸಾಯುವವರೆಗೆ ಆ ಮನೆಯಲ್ಲಿಯೇ ಇದ್ದು, ತಂದೆತಾಯಿಗಳು ಇಟ್ಟ ವಸ್ತುಗಳನ್ನು ಹೆಚ್ಚಾಗಿ ಕದಲಿಸದೆ ಬಿಟ್ಟ. ಆ ವೇಳೆಗೆ ಅಭಿರುಚಿ ತಿರುಗಿಬಿದ್ದಿತ್ತು. ವಿಕ್ಟೋರಿಯ ಕಾಲದ್ದೆಂದರೆ ಮೂಗುಮುರಿಯುವ ದಿನಗಳು ಅವು. ಬೇರೆ ಮನೆಗಳಲ್ಲಿ ಇಂತಹ ಸಾಮಾನುಗಳು ಹರಾಜಿಗೋ ಒಲೆಗೋ ಹೋದುವು. ಮಾಡ್‌ಳಿಗೆ ಮಾತ್ರ ತೌರುಮನೆಯ ಮಮತೆ ಬಿಡಲಿಲ್ಲ. ಅವಳ ಮಗಳು ಆ್ಯನ್, ರಾಸ್‌ನ ಕೌಂಟೆಸ್, ಅಜ್ಜನ ಮನೆಯನ್ನು ಹಾಗೆಯೇ ಕಾಪಾಡಿದಳು. ವಿಕ್ಟೋರಿಯ ಕಾಲದ ಕಟ್ಟಡಗಳನ್ನು ಕೆಡವದಂತೆ ರಕ್ಷಿಸಲೆಂದು 1958ರಲ್ಲಿ ಸ್ಥಾಪಿತವಾದ ‘ವಿಕ್ಟೋರಿಯನ್ ಸೊಸೈಟಿ’ ಮೊಳೆತದ್ದು ಈ ದಿವಾನಖಾನೆಯಲ್ಲಿಯೇ, ಈ ಕುರ್ಚಿಗಳ ನಡುವೆಯೇ. ಆ್ಯನ್‌ಳ ಸೋದರ ಆಲಿವರ್ ಮೆಸೆಲ್ ರಂಗಸಜ್ಜಿಕೆಯ ಕಲಾವಿದನಾಗಿ ಹೆಸರಾದ. ಮಗ ಆಂಟನಿ ಆರ್ಮ್‌ಸ್ಟ್ರಾಂಗ್-ಜೋನ್ಸ್ 1960ರಲ್ಲಿ ರಾಜಕುಮಾರಿ ಮಾರ್ಗರೆಟ್‌ಳ ಕೈಹಿಡಿದವನು, ಮುತ್ತಜ್ಜನಂತೆ ಅವನದೂ ಕ್ಯಾಮೆರಾದ ಹುಚ್ಚು.

1980ರಲ್ಲಿ ಆ್ಯನ್ ಈ ಮನೆಯನ್ನು ಲಂಡನ್ನಿನ ಆಡಳಿತ ಮಂಡಲಿಗೆ ಮಾರಿದಳು. 1989ರಿಂದ ಕೆನ್ಸಿಂಗ್ಟನ್-ಚೆಲ್ಸಿ ಪೌರಾಡಳಿತದ ವಶದಲ್ಲಿದೆ. ರಿಪೇರಿಯಾಗಿ 2022ರಲ್ಲಿ ಮತ್ತೆ ತೆರೆದ ಮೇಲೆ, ದಿವಾನಖಾನೆಯನ್ನು ನೋಡಲು ಬಂದವರು ಕೆಳಗಿನ ಅಡುಗೆಮನೆಯನ್ನೂ ಮೇಲಿನ ಸೇವಕಿಯ ಕೋಣೆಯನ್ನೂ ನೋಡಿ ಬರಬಹುದು. ಈ ಸಂಗತಿಯನ್ನು ಹೇಳಿದಾಗ ನಮ್ಮಾಕೆ, “ಮೊದಲು ಅದನ್ನ ತೋರಿಸಿ” ಎಂದು ಚಿತ್ರಕ್ಕಾಗಿ ಕೈಚಾಚಿದಳು.